ಜಮಖಾನ ಹಾಸಿದ ಎಟಿವಿ

ಮನುಷ್ಯನಿಗೆ ಇರುವ ಭಯಗಳಲ್ಲಿ ಕೆಲವಕ್ಕೆ ಸಮಾಜದಲ್ಲಿ ಒಂದು ಗೌರವವಿದೆ. ಹಾವು ಕಂಡರೆ ಭಯ ಎಂದರೆ ಯಾರೂ ನಗುವುದಿಲ್ಲ. ಎತ್ತರ ಕಂಡರೆ ಭಯ ಎಂದರೆ ಡಾಕ್ಟರು ಕೂಡ ತಲೆಯಾಡಿಸಿ ಅದಕ್ಕೊಂದು ಉದ್ದನೆಯ ಹೆಸರು ಹೇಳುತ್ತಾರೆ. ನನಗಿರುವ ಭಯಕ್ಕೆ ಹೆಸರಿಲ್ಲ, ಹಾಗಾಗಿ ಗೌರವವೂ ಇಲ್ಲ. ನನಗೆ ಇಳಿಜಾರು ಕಂಡರೆ ಆಗದು. ಹತ್ತನೇ ಮಹಡಿಯ ಬಾಲ್ಕನಿಯಲ್ಲಿ ನಿಂತು ಆರಾಮವಾಗಿ ಕಾಫಿ ಕುಡಿಯಬಲ್ಲೆ. ಆದರೆ ನೆಲ ಕೊಂಚ ಓರೆಯಾಗಿ, ನನ್ನ ಕೆಳಗೆ ಚಕ್ರವಿರುವ ಏನಾದರೂ ಇದ್ದರೆ ಸಾಕು, ಅಂಗೈ ಬೆವರುತ್ತದೆ, ಕಿವಿಯಲ್ಲಿ ಗುಂಯ್ ಎನ್ನುತ್ತದೆ, ಮನೆದೇವರ ಹೆಸರು ತಾನಾಗಿ ಬಾಯಿಗೆ ಬರುತ್ತದೆ.

ಇದು ಶುರುವಾದದ್ದು ಹೆಬ್ಬಾಳದ ಫ್ಲೈಓವರಿನ ಮೇಲೆ. ನಮ್ಮ ಮನೆ ಚಿಕ್ಕಬಾಣಾವರದಲ್ಲಿ, ಆಫೀಸು ಹೆಬ್ಬಾಳದ ಹತ್ತಿರ. ಒಂದು ಬೆಳಿಗ್ಗೆ ಫ್ಲೈಓವರಿನ ಏರಿನಲ್ಲಿ ಟ್ರಾಫಿಕ್ ನಿಂತಿತು. ಎಲ್ಲರೂ ಒಂದು ಕಾಲು ಊರಿ ಫೋನ್ ನೋಡುತ್ತಾ ನಿಂತರು. ನಾನು ಎರಡೂ ಕಾಲು ಊರಿ, ಎರಡೂ ಬ್ರೇಕು ಹಿಡಿದು, ಉಸಿರನ್ನೂ ಹಿಡಿದು ನಿಂತೆ. ಆದರೂ ಸ್ಕೂಟರು ಅಂಗುಲ ಅಂಗುಲವಾಗಿ ಹಿಂದಕ್ಕೆ ಸರಿಯತೊಡಗಿತು. ಹಿಂದಿದ್ದ ಆಟೋದವನು ತಲೆ ಹೊರಗೆ ಹಾಕಿ, "ಏನ್ ಗುರು, ಇವತ್ತು ರಿವರ್ಸಲ್ಲೇ ಆಫೀಸಿಗಾ?" ಎಂದ. ಸುತ್ತಲಿದ್ದವರು ನಕ್ಕರು. ಅಂದಿನಿಂದ ನಾನು ಫ್ಲೈಓವರಿನ ತಂಟೆಗೆ ಹೋಗದೆ ಸರ್ವೀಸ್ ರಸ್ತೆಯಲ್ಲೇ ಸುತ್ತಿಕೊಂಡು ಹೋಗುತ್ತೇನೆ. ಇಪ್ಪತ್ತು ನಿಮಿಷ ಹೆಚ್ಚು ಹಿಡಿಯುತ್ತದೆ. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿಯುವ ದಾರಿಯೂ ಬಲು ಕಡಿದು. ಅದಕ್ಕೇ ಸ್ಕೂಟರನ್ನು ಹೊರಗೆ ಮರದ ಕೆಳಗೆ ನಿಲ್ಲಿಸುತ್ತೇನೆ. "ಬೇಸ್‌ಮೆಂಟಿನಲ್ಲಿ ಗಾಳಿ ಆಡಲ್ಲ, ಗಾಡಿ ತುಕ್ಕು ಹಿಡಿಯುತ್ತೆ" ಎಂದು ಹೆಂಡತಿ ಮಂಜುಳಾಗೆ ಹೇಳಿದ್ದೇನೆ. ಆಕೆ ಅದನ್ನು ನಂಬಿಲ್ಲ ಎಂಬುದು ನನಗೆ ಗೊತ್ತು. ಸೀಟಿನ ಮೇಲೆ ದಿನವೂ ಬೀಳುವ ಕಾಗೆ ಹಿಕ್ಕೆ ಒರೆಸಲು ಹಳೆಯ ಬನಿಯನ್ನೊಂದನ್ನು ಮಾತಿಲ್ಲದೆ ಕೊಡುತ್ತಾಳೆ.

ಇಂಥ ನಾನು ಕಲ್ಲುಗುಡ್ಡದ ಮೇಲೆ ನಾಲ್ಕು ಚಕ್ರದ ಎಟಿವಿ ಓಡಿಸುವವನಾದದ್ದು ಹೇಗೆ ಎಂದು ಆಫೀಸಿನಲ್ಲಿ ಕೇಳುತ್ತಾರೆ. ನನ್ನ ನಾಲಿಗೆಯಿಂದ, ಅಷ್ಟೇ.

ನನ್ನ ಹೆಂಡತಿಯ ತವರು ಕೋಗಿಲು. ಊರು ಊರಾಗಿದ್ದ ಕಾಲದಿಂದ ಅಲ್ಲೇ ಬೇಸಾಯ ಮಾಡಿಕೊಂಡು ಬಂದ ಮನೆ. ಈಗ ಹೊಲಗಳ ಮೇಲೆ ಕಟ್ಟಡಗಳು ಎದ್ದಿವೆ. ಕೆಲವನ್ನು ಎಬ್ಬಿಸಿದವನು ನನ್ನ ಬಾಮೈದ ಮುನಿರಾಜುವೇ. ಆದರೆ ಯಲಹಂಕದಾಚೆ ಅವರದೊಂದು ಬೋಳು ಗುಡ್ಡ ಹಾಗೇ ಉಳಿದಿತ್ತು. ಮುನಿರಾಜು ಅಲ್ಲೂ ಏನಾದರೂ ಕಟ್ಟೋಣವೆಂದು ಎಂಜಿನಿಯರನ್ನು ಕರೆತಂದ. ಅವನು ಒಂದು ಸಲ ಮೇಲೆ ನೋಡಿ, ಒಂದು ಸಲ ಕೆಳಗೆ ನೋಡಿ, ಎಳನೀರು ಕುಡಿದು ಹೊರಟುಹೋದ. "ಮನೆ ಕಟ್ಟಕ್ಕೆ ಆಗ್ದಿದ್ರೆ ಮರ ಬೆಳೀಲಿ ಬುಡು" ಎಂದು ನನ್ನ ಅತ್ತೆ ಪಿಳ್ಳಮ್ಮನವರು ಆ ಗುಡ್ಡದ ತುಂಬ ಸಸಿ ನೆಡಿಸಿದರು. ಹೊಂಗೆ, ನೇರಳೆ, ಬೇವು, ಹುಣಸೆ, ಎಲ್ಲ ಸೇರಿ ಇನ್ನೂರರ ಮೇಲೆ.

ಗಿಡ ನೆಡುವುದಕ್ಕೆ ನಾಲ್ಕು ಜನ ಬಂದರು, ಫೋಟೋ ತೆಗೆಸಿಕೊಂಡರು. ನೀರು ಹಾಕುವುದಕ್ಕೆ ಅತ್ತೆ ಒಬ್ಬರೇ. ಕೊಳವೆಬಾವಿ ಇರುವುದು ಬುಡದಲ್ಲಿ, ಗಿಡಗಳು ಇರುವುದು ಮೇಲೆ. ಪೈಪ್ ಎಳೆಸಿದರೆ ಹೆಗ್ಗಣ ಕಡಿದವು. ಎರಡನೇ ಸಲ ಎಳೆಸಿದರೆ ಪೈಪೇ ಕಾಣೆಯಾಯಿತು. ಎಪ್ಪತ್ತೆರಡು ವರ್ಷದ ಹೆಂಗಸು ಸೊಂಟದ ಮೇಲೊಂದು ಬಿಂದಿಗೆ ಇಟ್ಟುಕೊಂಡು ಇಡೀ ಬೇಸಿಗೆ ಗುಡ್ಡ ಹತ್ತಿ ಇಳಿದರು. ಎರಡೂ ಮಂಡಿ ಊದಿಕೊಂಡವು. ಇನ್ನು ಹತ್ತಿದರೆ ಮಂಡಿ ಬದಲಾಯಿಸಬೇಕಾಗುತ್ತದೆ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಅತ್ತೆ ಅವರೆದುರು "ಆಯ್ತಪ್ಪ" ಎಂದು ಮಾತ್ರೆ ಇಸಿದುಕೊಂಡು ಬಂದು, ಮಾರನೆ ಬೆಳಿಗ್ಗೆ ಬಿಂದಿಗೆ ಸಮೇತ ಗುಡ್ಡದ ಅರ್ಧದಲ್ಲಿ ಸಿಕ್ಕಿಬಿದ್ದರು. ಮಗ ಬೈದ, ಮಗಳು ಅತ್ತಳು. "ಮತ್ತೆ ಗಿಡ ಒಣಗ್ಲಾ?" ಎಂಬುದೊಂದೇ ಅವರ ಪ್ರಶ್ನೆ.

ಕೊನೆಗೆ ಮುನಿರಾಜು, ಮುಚ್ಚಿಹೋಗುತ್ತಿದ್ದ ಒಂದು ರೆಸಾರ್ಟಿನಿಂದ ಈ ಎಟಿವಿಯನ್ನು ತಂದ. ನೋಡಲು ಗುಂಡುಗುಂಡಾಗಿದೆ, ದಪ್ಪ ಟೈರು, ಮೋಟರ್ ಸೈಕಲ್ಲಿನ ಹ್ಯಾಂಡಲ್ಲು, ಹಿಂದೆ ಮುಂದೆ ಸಾಮಾನು ಕಟ್ಟುವ ಕಬ್ಬಿಣದ ಚೌಕಟ್ಟು. ಗುಡ್ಡದ ನೆತ್ತಿಯಲ್ಲಿ ಎರಡು ಡ್ರಮ್ ಇಟ್ಟು, ಅಲ್ಲಿಂದ ಸಣ್ಣ ಪೈಪುಗಳಲ್ಲಿ ಗಿಡಗಳಿಗೆ ನೀರು ತೊಟ್ಟಿಕ್ಕುವ ಹಾಗೆ ಮಾಡುವುದು, ವಾರಕ್ಕೊಮ್ಮೆ ಎಟಿವಿಯಲ್ಲಿ ಕ್ಯಾನು ಸಾಗಿಸಿ ಡ್ರಮ್ ತುಂಬಿಸುವುದು. ಇದು ಯೋಜನೆ. ಇದರಲ್ಲಿದ್ದ ಕೊರತೆ ಒಂದೇ, ಓಡಿಸುವವರು ಯಾರು? ಮುನಿರಾಜುವಿಗೆ ಬೆನ್ನಿನ ಆಪರೇಷನ್ ಆಗಿದೆ, ಕುಲುಕಾಟ ಕೂಡದು. ಕೂಲಿಯವರಿಗೆ ಕೊಡಲು ಅತ್ತೆ ಒಪ್ಪಲಿಲ್ಲ. ಹಿಂದೊಮ್ಮೆ ಬಂದ ಟ್ರ್ಯಾಕ್ಟರ್ ಡ್ರೈವರು ಒಂದೇ ತಿರುವಿನಲ್ಲಿ ಹನ್ನೊಂದು ಸಸಿ ಮಲಗಿಸಿ, "ಕಾಣಿಸ್ಲಿಲ್ಲ ಅಮ್ಮ" ಎಂದಿದ್ದನಂತೆ.

ಗಾಡಿಯ ಜೊತೆ ಇಂಗ್ಲಿಷಿನ ದಪ್ಪ ಕೈಪಿಡಿಯೊಂದು ಬಂದಿತ್ತು. ಭಾನುವಾರದ ಊಟಕ್ಕೆ ಕೋಗಿಲಿಗೆ ಹೋಗಿದ್ದಾಗ ಮುನಿರಾಜು ಅದನ್ನು ನನ್ನ ಕೈಗಿಟ್ಟ. "ಭಾವ, ಇದ್ರಲ್ಲಿ ಏನೇನ್ ಬರ್ದವ್ರೋ ಸ್ವಲ್ಪ ನೋಡಿ ಕನ್ನಡದಲ್ಲಿ ಬರ್ಕೊಡಿ. ನಿಮ್ಮಷ್ಟು ಇಂಗ್ಲಿಷ್ ನಮ್ ಮನೇಲಿ ಯಾರಿಗ್ ಬರುತ್ತೆ?" ಎಂದ. ನಾನು ಆಫೀಸಿನಲ್ಲಿ ಮೂವತ್ತು ವರ್ಷದಿಂದ ಸುತ್ತೋಲೆ ಬರೆಯುವವನು. ಅಂಥ ಮಾತು ಕೇಳಿದರೆ ಉಬ್ಬದೆ ಇರಲು ಸಾಧ್ಯವೇ? ವಾರವಿಡೀ ಕೂತು ಬರೆದೆ. "ಏರನ್ನು ಹತ್ತುವ ಸಂದರ್ಭದಲ್ಲಿ ಸವಾರನು ತನ್ನ ದೇಹದ ಭಾರವನ್ನು ಮುಂಬದಿಗೆ ಸ್ಥಳಾಂತರಿಸತಕ್ಕದ್ದು. ಇಳಿಯುವ ಸಂದರ್ಭದಲ್ಲಿ ಸದರಿ ಭಾರವನ್ನು ಹಿಂಬದಿಗೆ ಸ್ಥಳಾಂತರಿಸತಕ್ಕದ್ದು. ಇಳಿಜಾರಿಗೆ ಅಡ್ಡಲಾಗಿ ಚಲಿಸತಕ್ಕದ್ದಲ್ಲ." ಮುಂದಿನ ಭಾನುವಾರ ಊಟವಾದ ಮೇಲೆ ಅದನ್ನು ಎಲ್ಲರೆದುರು ಓದಿ, ಒಂದೊಂದು ನಿಯಮಕ್ಕೂ ವ್ಯಾಖ್ಯಾನ ಕೊಟ್ಟೆ. ಕುರ್ಚಿಯ ಮೇಲೆ ಕೂತು ಮುಂದಕ್ಕೆ ಬಾಗಿ ತೋರಿಸಿದೆ, ಹಿಂದಕ್ಕೆ ವಾಲಿ ತೋರಿಸಿದೆ. ಕಡಿದಾದ ಜಾಗಕ್ಕೆ ಕಡಿಮೆ ಗೇರು, ನಡುವೆ ಗೇರು ಬದಲಾಯಿಸುವಂತಿಲ್ಲ, ಗಾಡಿಯ ಹಿಂದೆ ಯಾರೂ ನಿಲ್ಲುವಂತಿಲ್ಲ, ಒಬ್ಬನಿಗಿಂತ ಹೆಚ್ಚು ಜನ ಕೂರುವಂತಿಲ್ಲ. ಕೇಳಿದವರಿಗೆ ನಾನು ಹಿಮಾಲಯವನ್ನೇ ಎಟಿವಿಯಲ್ಲಿ ಹತ್ತಿ ಬಂದವನೆನಿಸಿರಬೇಕು. ಅತ್ತೆ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಅವರು ಒಳಗೆ ಹೋಗಿ ಮಗಳಿಗೆ ಏನೋ ಹೇಳಿದರು. ಮಂಜುಳಾ ಹೊರಗೆ ಬಂದು ನಗುನಗುತ್ತಾ ಘೋಷಿಸಿಯೇಬಿಟ್ಟಳು: "ನಮ್ಮನೆಯವ್ರೇ ಓಡಿಸ್ತಾರಂತೆ ಬಿಡು ಮುನಿ. ಅಳಿಯಂದ್ರು ಓಡ್ಸಿದ್ರೆ ನಾನು ಗುಡ್ಡ ಹತ್ತಲ್ಲ ಅಂತ ಅಮ್ಮ ಮಾತು ಕೊಟ್ಟವ್ರೆ."

ಇಲ್ಲಿ ನಮ್ಮ ಅತ್ತೆಯ ಸ್ವಭಾವವನ್ನು ಸ್ವಲ್ಪ ಹೇಳಬೇಕು. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಅವರು ನನ್ನೊಡನೆ ನೇರವಾಗಿ ಮಾತಾಡಿದ್ದೇ ಇಲ್ಲ. ಜಗಳವಲ್ಲ, ಮರ್ಯಾದೆ. ಅವರ ಮನೆಯಲ್ಲಿ ಅಳಿಯನ ಮುಖ ನೋಡಿ ಅತ್ತೆ ಮಾತಾಡುವ ರೂಢಿಯಿಲ್ಲ. ಹೇಳುವುದೆಲ್ಲ ಮಗಳ ಮೂಲಕ, ಮಗಳಿಲ್ಲದಿದ್ದರೆ ಮಗನ ಮೂಲಕ, ಇಬ್ಬರೂ ಇಲ್ಲದಿದ್ದರೆ ಗೋಡೆಯ ಮೂಲಕ. "ಅಳಿಯಂದ್ರಿಗೆ ಇನ್ನೊಂದ್ ಮುದ್ದೆ ಆಕು" ಎಂದು ಖಾಲಿ ಅಡುಗೆಮನೆಗೆ ಹೇಳಿ ಮುದ್ದೆಯನ್ನು ತಾವೇ ತಂದು ಇಡುತ್ತಾರೆ. ಅಳಿಯ ಮಾಡಿದ್ದು ತಪ್ಪು ಎಂದು ಅವರ ಬಾಯಿಂದ ಬರುವಂತೆಯೇ ಇಲ್ಲ. ಅವರು ಮಾಡಿದ್ದನ್ನು ನಾನು ಬೇಡ ಎನ್ನುವಂತೆಯೂ ಇಲ್ಲ. ಇಪ್ಪತ್ತೆರಡು ವರ್ಷ ಈ ಏರ್ಪಾಟು ಬೆಣ್ಣೆಯ ಹಾಗೆ ನಡೆದಿತ್ತು, ಏಕೆಂದರೆ ಮಟ್ಟಸವಾದ ನೆಲದ ಮೇಲೆ ನಡೆದಿತ್ತು.

ಎರಡು ವಾರ ನಾನು ಕೋಗಿಲಿನಾಚೆಯ ಒಂದು ಹೊಸ ಲೇಔಟಿನಲ್ಲಿ ಅಭ್ಯಾಸ ಮಾಡಿದೆ. ರಸ್ತೆಗಳಿವೆ, ಚರಂಡಿಗಳಿವೆ, ಬೀದಿಗಳ ಹೆಸರಿನ ಫಲಕಗಳಿವೆ, ಮನೆಗಳು ಮಾತ್ರ ಇಲ್ಲ. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇಕೇ? ಹ್ಯಾಂಡಲ್ಲಿನ ತುದಿಯ ಗ್ಯಾಸನ್ನು, ಅಂದರೆ ಆಕ್ಸಿಲರೇಟರನ್ನು, ಹೆಬ್ಬೆರಳಿನಿಂದ ಒತ್ತಿದರೆ ಗಾಡಿ ಮುಂದೆ ಹೋಗುತ್ತದೆ, ಬಿಟ್ಟರೆ ನಿಧಾನವಾಗುತ್ತದೆ. ನೆಲ ಮಟ್ಟಸವಾಗಿದ್ದಾಗ ನಾನು ಅದ್ಭುತ ಸವಾರನೆಂದು ಎರಡೇ ದಿನದಲ್ಲಿ ಗೊತ್ತಾಯಿತು. ಅಲ್ಲಿ ಮೇಯುತ್ತಿದ್ದ ಎರಡು ಎಮ್ಮೆಗಳು ಮೊದಲ ದಿನ ನನ್ನನ್ನು ಕಂಡು ಎದ್ದು ನಿಂತಿದ್ದವು, ಮೂರನೆಯ ದಿನದಿಂದ ಮಲಗಿಕೊಂಡೇ ಮೆಲುಕು ಹಾಕಿದವು. ಅದನ್ನೂ ಪ್ರಗತಿಯ ಲೆಕ್ಕಕ್ಕೆ ಹಾಕಿಕೊಂಡೆ.

ಕೊನೆಗೆ ಆ ಭಾನುವಾರ ಬಂತು. ಮಧ್ಯಾಹ್ನ ಊಟ ಮುಗಿಸಿ ನಾನೂ ಮಂಜುಳಾ ಗುಡ್ಡದ ಬುಡಕ್ಕೆ ಹೋಗಿ ನೋಡಿದರೆ ಎಟಿವಿಯ ಗುರುತೇ ಸಿಗಲಿಲ್ಲ. ಹೊಸ ಗಾಡಿ ಗುಡ್ಡಕ್ಕೆ ಮೊದಲ ಸಲ ಹೋಗುವಾಗ ಪೂಜೆ ಬೇಡವೇ? ಎರಡು ಪಕ್ಕಕ್ಕೂ ಬಾಳೆಕಂದು ಕಟ್ಟಿತ್ತು. ಹ್ಯಾಂಡಲ್ಲಿನ ಈ ತುದಿಯಿಂದ ಆ ತುದಿಗೆ ಚೆಂಡುಹೂವಿನ ಹಾರ ಸುತ್ತಿತ್ತು. ಅರಿಶಿನ, ಕುಂಕುಮ, ನಾಲ್ಕು ಚಕ್ರಕ್ಕೂ ನಾಲ್ಕು ನಿಂಬೆಹಣ್ಣು. ಎಲ್ಲಕ್ಕಿಂತ ಮಿಗಿಲಾಗಿ ಸೀಟಿನ ಮೇಲೆ ನಾಲ್ಕು ಮಡಿಕೆ ಮಡಿಸಿದ ಕೆಂಪು ಜಮಖಾನ. ಮನೆಗೆ ದೊಡ್ಡವರು ಬಂದರೆ ಮಾತ್ರ ಅಟ್ಟದಿಂದ ಇಳಿಸುವ ಜಮಖಾನ ಅದು. "ಅಳಿಯಂದ್ರು ಬರೀ ಸೀಟಿನ ಮೇಲೆ ಕೂತ್ಕೊಂಡ್ರೆ ಎಂಗೆ? ಗುಡ್ಡದಾಗೆ ಕುಲುಕ್ತದೆ" ಎಂದು ಅತ್ತೆ ಪಕ್ಕದಲ್ಲಿದ್ದ ಬೇವಿನ ಮರಕ್ಕೆ ಹೇಳಿದರು. ಹಿಂದಿನ ಚೌಕಟ್ಟಿನಲ್ಲಿ ಇಪ್ಪತ್ತು ಲೀಟರಿನ ಎರಡು ಕ್ಯಾನು. ಅದನ್ನೂ ಅವರೇ ನಿಂತು ಕಟ್ಟಿಸಿದ್ದು.

ನೋಡಿದ ಕೂಡಲೇ ನಾನು ಬರೆದ ನಿಯಮಗಳೆಲ್ಲ ಸಾಲಾಗಿ ನೆನಪಿಗೆ ಬಂದವು. ಭಾರವೆಲ್ಲ ಹಿಂದಿದೆ; ಭಾರ ಹಿಂದೆ ಮುಂದೆ ಸಮನಾಗಿ, ಕೆಳಮಟ್ಟದಲ್ಲಿ ಇರಬೇಕೆಂದು ನಾನೇ ಬರೆದಿದ್ದೆ. ಹೆಬ್ಬೆರಳಿನ ಗ್ಯಾಸಿಗೆ ಹೂವಿನ ದಾರ ಸುತ್ತಿಕೊಂಡಿದೆ. ಜಮಖಾನದ ಮೇಲೆ ಕೂತರೆ ನಾನು ಯಾವ ಕಡೆ ಜಾರುತ್ತೇನೋ ದೇವರೇ ಬಲ್ಲ. ಮೊದಲು ಏರನ್ನು ನಡೆದು ನೋಡಬೇಕೆಂಬ ನಿಯಮವೂ ಇದೆ. ಬಾಯಿ ತೆರೆದೆ. ಅಷ್ಟರಲ್ಲಿ ಮುನಿರಾಜು ಗಡಿಯಾರ ನೋಡಿ, "ಭಾವ, ಬೇಗ ಹತ್ತಿ. ನಾಲ್ಕೂವರೆಗೆ ರಾಹುಕಾಲ" ಎಂದ. ಅತ್ತೆ ಆರತಿ ತಟ್ಟೆ ಹಿಡಿದು ನಿಂತಿದ್ದರು. ಅವರ ಮುಖದಲ್ಲಿ ಎಂಥ ಸಂತೋಷವಿತ್ತೆಂದರೆ, ಜಮಖಾನ ತೆಗೆಯಿರಿ ಎನ್ನಲು ನನಗೆ ಮನಸ್ಸಾಗಲಿಲ್ಲ. ಬೂಟು ಹಾಕಿಕೊಂಡೆ, ಹೆಲ್ಮೆಟ್ ಹಾಕಿಕೊಂಡೆ, ಅದರ ಮೇಲೊಂದು ಕುಂಕುಮದ ಬೊಟ್ಟು ಇಡಿಸಿಕೊಂಡೆ. ಜಮಖಾನದ ಮೇಲೆ ರಾಜಗಾಂಭೀರ್ಯದಿಂದ, ಬೆನ್ನು ನೆಟ್ಟಗೆ ಮಾಡಿ ಕೂತೆ.

ನಾನು ಕೂತ ರೀತಿ ನೋಡಿ ಅತ್ತೆಯ ಮುಖದ ನಗು ಮಾಯವಾದದ್ದನ್ನು ನಾನು ಗಮನಿಸಿದೆ. ಏನೋ ಹೇಳಬಂದವರು ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡು ಸುಮ್ಮನಾದರು. ಅವರೂ ಏನನ್ನೋ ನುಂಗಿಕೊಂಡರು, ನಾನೂ ನುಂಗಿಕೊಂಡೆ. ಅಪಘಾತಕ್ಕೆ ಕಾರಣಗಳ ಪಟ್ಟಿ ಕೈಪಿಡಿಯಲ್ಲಿ ಎರಡು ಪುಟವಿದೆ. ಅದರಲ್ಲಿ ಮರ್ಯಾದೆ ಎಂಬ ಕಾರಣ ಇಲ್ಲ. ಬರೆದವರಿಗೆ ನಮ್ಮ ಕಡೆಯ ಸಂಬಂಧ ಬೆಳೆಸಿ ಗೊತ್ತಿಲ್ಲ ಎಂದು ಕಾಣುತ್ತದೆ.

ನಿಂಬೆಹಣ್ಣುಗಳು ಪಚಕ್ಕೆಂದವು, ಗಾಡಿ ಹೊರಟಿತು. ಮೊದಲ ಇಪ್ಪತ್ತು ಮಾರು ಚೆನ್ನಾಗಿಯೇ ಹೋಯಿತು. "ಭಾವ, ಸೂಪರ್!" ಎಂದು ಮುನಿರಾಜು ಕೂಗಿದ. ಏರು ಕಡಿದಾದ ಕಡೆ ಜಮಖಾನ ತನ್ನ ಕೆಲಸ ಶುರುಮಾಡಿತು. ನಾನು ಮುಂದಕ್ಕೆ ಬಾಗಬೇಕು ಎಂದುಕೊಳ್ಳುತ್ತಿದ್ದೇನೆ, ಕೆಳಗಿನ ಮಡಿಕೆ ನನ್ನನ್ನು ಹಿಂದಕ್ಕೆ ಒಯ್ಯುತ್ತಿದೆ. ನಾನು ಹೋಗಿ ಕ್ಯಾನುಗಳಿಗೆ ಒರಗಿದೆ. ಮುಂದಿನ ಚಕ್ರಗಳು ನೆಲವನ್ನು ಹಿಡಿಯುತ್ತಿಲ್ಲ ಎಂದು ಕೈಗೆ ತಿಳಿಯಿತು. ಹ್ಯಾಂಡಲ್ಲು ಗಾಳಿಯಲ್ಲಿದ್ದಂತೆ ಹಗುರಾಯಿತು. ಹೆದರಿ ಹೆಬ್ಬೆರಳು ತೆಗೆದೆ. ಹೂವಿನ ದಾರ ಗ್ಯಾಸನ್ನು ಬಿಡಲೊಲ್ಲದೆ ಒಮ್ಮೆ ಜಗ್ಗಿತು. ಆಗ ಕೆಂಪು ಗುಂಡಿ ಒತ್ತಿ ಎಂಜಿನ್ ನಿಲ್ಲಿಸಿ, ಎರಡೂ ಬ್ರೇಕು ಅದುಮಿ ಹಿಡಿದೆ. ಗುಡ್ಡದ ನಟ್ಟನಡುವೆ, ಆಕಾಶಕ್ಕೆ ಮುಖ ಮಾಡಿಕೊಂಡು, ಬಾಳೆಕಂದುಗಳ ನಡುವೆ ನಾನು ನಿಂತುಬಿಟ್ಟೆ. ಹಿಂದೆ ಏನಿದೆ ಎಂದು ನೋಡಲೂ ಧೈರ್ಯವಿಲ್ಲ.

ಕೆಳಗಿನಿಂದ ಅತ್ತೆಯ ದನಿ ಕೇಳಿತು. "ಮಂಜೂ, ಮುಂದಕ್ ಬಗ್ಗು ಅಂತ ಏಳೇ ಅವ್ರಿಗೆ!"

ಮಂಜುಳಾ ಕೂಗಿದಳು, "ರೀ, ಸ್ವಲ್ಪ ಮುಂದಕ್ಕೆ ಬಗ್ತೀರಾ ಅಂತ ಅಮ್ಮ ಕೇಳ್ತಾವ್ರೆ!"

ಎರಡೂ ನನಗೆ ಸ್ಪಷ್ಟವಾಗಿ ಕೇಳಿಸಿದ್ದವು. ಪ್ರಾಣ ಗಂಟಲಿಗೆ ಬಂದಿದ್ದರೂ ಮರ್ಯಾದೆ ಬಿಡದೆ, "ಸೀಟು ಸ್ವಲ್ಪ ಮೆತ್ತಗಾಯ್ತು ಅಂತ ಹೇಳು!" ಎಂದೆ.

"ಸೀಟು ಮೆತ್ತಗದೆ ಅಂತವ್ರೆ ಕಣಮ್ಮ!"

"ಮೆತ್ತಗಿರ್ಲಿ ಅಂತ್ಲೇ ಆಕ್ಸಿರೋದು!" ಎಂದರು ಅತ್ತೆ. ಅಂಥ ಹೊತ್ತಿನಲ್ಲೂ ಅವರ ದನಿಯಲ್ಲಿ ಒಂದಿಷ್ಟು ಹೆಮ್ಮೆಯಿತ್ತು.

ಅಷ್ಟರಲ್ಲಿ ಬೂಟುಗಳ ಸದ್ದು ಕೇಳಿಸಿ, ಕತ್ತು ಮಾತ್ರ ಹೊರಳಿಸಿ ನೋಡಿದೆ. ಕಷ್ಟದಲ್ಲಿರುವ ಗಾಡಿ ಕಂಡರೆ ನಮ್ಮ ಜನ ಮಾಡುವುದು ಒಂದೇ, ಹಿಂದೆ ಹೋಗಿ ತಳ್ಳುವುದು. ಮುನಿರಾಜು ತನ್ನ ಆಪರೇಷನ್ ಆದ ಬೆನ್ನನ್ನೂ ಮರೆತು ಏದುಸಿರು ಬಿಡುತ್ತಾ ಗಾಡಿಯ ನೇರ ಹಿಂದಕ್ಕೆ ಬರುತ್ತಿದ್ದ. "ಭಾವ, ನೀವ್ ಸ್ಟಾರ್ಟ್ ಮಾಡಿ, ನಾನ್ ಕೊಡ್ತೀನಿ ಒಂದ್ ತಳ್ಳು!" ಎಂದ. ಗಾಡಿ ನಿಂತಿದ್ದುದೇ ಬ್ರೇಕಿನ ಮೇಲಿದ್ದ ನನ್ನ ಕೈಯಿಂದ. ಅದು ಜಾರಿದರೆ ಈ ಗಾಡಿ, ನಾನು, ನಲವತ್ತು ಲೀಟರು ನೀರು, ಎಲ್ಲ ಅವನ ಎದೆಯ ಮೇಲೆ. ಅದು ಹೊಳೆದದ್ದೇ ತಡ, ನನ್ನಿಂದ ಹೊರಟ ಕೂಗಿಗೆ ನಾನೇ ಬೆಚ್ಚಿದೆ. "ಹಿಂದೆ ಬರ್ಬೇಡ! ಪಕ್ಕಕ್ಕೆ ಹೋಗೋ ಮುನಿ! ಯಾರೂ ಹಿಂದೆ ನಿಲ್ಬೇಡಿ!"

ಅದೇ ಕ್ಷಣದಲ್ಲಿ ಅತ್ತೆಯ ತಾಳ್ಮೆಯೂ ಹರಿಯಿತು. ಮಗಳನ್ನು ಪಕ್ಕಕ್ಕೆ ಸರಿಸಿ, ಕೈಯಲ್ಲಿದ್ದ ಊರುಗೋಲು ಎತ್ತಿ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನೇರವಾಗಿ ನನಗೇ ಕೂಗಿದರು. "ಅಳಿಯಂದ್ರೇ! ಬ್ರೇಕು ಬುಡ್ಬ್ಯಾಡಿ! ಎದೆ ಆಂಡ್ಲು ಮೇಲಾಕಿ! ಮುಂದಕ್ ಬಗ್ರೀ ಅಂದ್ರೆ!"

ನಾನು ಮುಂದಕ್ಕೆ ಬಗ್ಗಿದೆ. ವಾರವಿಡೀ ಬರೆದ ಸುತ್ತೋಲೆಯಿಂದ ಆಗದ್ದು ಆ ಒಂದು ಕೂಗಿನಿಂದ ಆಯಿತು. ಮುಂದಿನ ಚಕ್ರಗಳು ನೆಲ ಕಚ್ಚಿದ್ದು ಗೊತ್ತಾಯಿತು. ಗಾಡಿ ಅಲುಗಾಡುವುದನ್ನು ನಿಲ್ಲಿಸಿತು. ನಿಲುಗಡೆಯ ಬ್ರೇಕು ಹಾಕಿದೆ. ಪಕ್ಕದಿಂದ ಬಂದ ಮುನಿರಾಜು ಅಮ್ಮ ತೋರಿಸಿದ ಕಲ್ಲುಗಳನ್ನು ಅಲ್ಲೇ ಬಿದ್ದಿದ್ದ ಒಂದು ಕೊಂಬೆಯಿಂದ ದೂಡಿ ಹಿಂದಿನ ಚಕ್ರಗಳಿಗೆ ಒತ್ತುಕೊಟ್ಟ. ನಾನು ಗುಡ್ಡದ ಮೇಲ್ಬದಿಗೆ ಇಳಿದೆ. ಕಾಲು ನೆಲ ಮುಟ್ಟಿದಾಗ ಕಣ್ಣಲ್ಲಿ ನೀರು ಬಂದದ್ದನ್ನು ಹೆಲ್ಮೆಟ್ ಮರೆಮಾಡಿತು.

ಮರ್ಯಾದೆ ಒಂದು ಸಲ ಒಡೆದ ಮೇಲೆ ಮಾತು ತಾನಾಗಿ ಬಂತು. "ಅತ್ತೆ, ಜಮಖಾನ ಹಾಸಿದ್ದಕ್ಕೇ ನಾನು ಜಾರಿದ್ದು! ಹೂವಿನ ದಾರ ಗ್ಯಾಸಿಗೆ ಸುತ್ಕೊಂಡಿದೆ! ನೀರೆಲ್ಲ ಹಿಂದೆ ಕಟ್ಟಿದ್ದೂ ತಪ್ಪು!" ಎಂದು ಅಲ್ಲಿಂದಲೇ ಕೂಗಿದೆ.

"ಕಟ್ಟೋವಾಗ್ಲೇ ಏಳಕ್ಕೇನಾಗಿತ್ತು ನಿಮ್ಗೆ?"

"ನಾನು ಕೂತಿದ್ದು ಸರಿಯಿಲ್ಲ ಅಂತ ನಿಮಗೂ ಗೊತ್ತಿತ್ತಲ್ಲ, ನೀವ್ಯಾಕೆ ಹೇಳ್ಲಿಲ್ಲ?"

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, "ಅಳಿಯಂದ್ರಿಗೆ ಎಂಗ್ ಏಳೋದು?" ಎಂದರು. ಬೇವಿನ ಮರಕ್ಕಲ್ಲ, ನನಗೇ.

ಕ್ಯಾನುಗಳನ್ನು ಇಳಿಸಿ, ಬಾಳೆಕಂದು ಬಿಚ್ಚಿ, ಹಾರ ಕತ್ತರಿಸಿ, ಜಮಖಾನವನ್ನು ಮಂಜುಳಾಳ ಕೈಗೆ ಕೊಟ್ಟು, ಪುಸ್ತಕದಲ್ಲಿದ್ದ ಹಾಗೆಯೇ ಮೇಲ್ಬದಿಯಲ್ಲಿ ನಿಂತು ಬ್ರೇಕು ಹಿಡಿಯುತ್ತಾ ಬಿಡುತ್ತಾ ಗಾಡಿಯ ಮುಖವನ್ನು ಸ್ವಲ್ಪಸ್ವಲ್ಪವೇ ಕೆಳಕ್ಕೆ ತಿರುಗಿಸಿದೆ. ಮತ್ತೆ ಹತ್ತಿ, ಕಡಿಮೆ ಗೇರಿನಲ್ಲಿ, ಹಿಂದಕ್ಕೆ ವಾಲಿ, ನೇರವಾಗಿ ಕೆಳಗಿಳಿದೆ. ಇಳಿದ ಮೇಲೆ ಅತ್ತೆ ನನಗೆ ಪಾಠ ಹೇಳಿದರು. ಅವರು ಮದುವೆಯಾಗಿ ಬಂದ ಹೊಸತರಲ್ಲಿ ತರಕಾರಿ ತುಂಬಿದ ಎತ್ತಿನ ಗಾಡಿಯನ್ನು ಕೆರೆ ಏರಿಯ ಮೇಲೆ ಹತ್ತಿಸುತ್ತಿದ್ದರಂತೆ. ಹತ್ತುವಾಗ ಮುಂದಕ್ಕೆ ಸರಿದು ನೊಗದ ಕಡೆಗೆ ಭಾರ ಬಿಡಬೇಕು, ಇಲ್ಲದಿದ್ದರೆ ನೊಗ ಮೇಲಕ್ಕೆದ್ದು ಎತ್ತಿನ ಕುತ್ತಿಗೆ ಬಿಗಿಯುತ್ತದೆ. ಇಳಿಯುವಾಗ ಹಿಂದಕ್ಕೆ. ಗಾಡಿ ನಿಂತರೆ ಚಕ್ರಕ್ಕೆ ಕಲ್ಲು. ನಾನು ಒಂದು ವಾರ ಕೂತು ಅನುವಾದಿಸಿದ್ದೆಲ್ಲ ಅವರ ಮೈಗೆ ಗೊತ್ತಿತ್ತು. ಬಾಗಿಲ ಮರೆಯಲ್ಲಿ ನಿಂತು ನನ್ನ ವ್ಯಾಖ್ಯಾನ ಕೇಳುತ್ತಿದ್ದಾಗ ಅವರಿಗೆ ಎಷ್ಟು ನಗು ಬಂದಿರಬೇಕು! ಕೇಳಿದ್ದಕ್ಕೆ, "ನಗು ಯಾಕೆ, ಸರ್ಯಾಗೇ ಏಳ್ತಿದ್ರಿ. ಕೂರೋದ್ ಮಾತ್ರ ಬರ್ನಿಲ್ಲ" ಎಂದರು.

ಆಮೇಲೆ ನಾನೂ ಮುನಿರಾಜುವೂ ಏರನ್ನು ನಡೆದು ನೋಡಿದೆವು. ಇಡೀ ಬೇಸಿಗೆ ಆ ಮಣ್ಣನ್ನು ಬರಿಗಾಲಲ್ಲಿ ತುಳಿದ ಅತ್ತೆ ಕೆಳಗಿನಿಂದಲೇ ಕೋಲು ತೋರಿಸಿ, "ಆ ಬಂಡೆ ಎಡಗಡೆ ಸಡ್ಲ ಮಣ್ಣು, ಬಲಕ್ಕೇ ಓಗಿ" ಎಂದು ದಾರಿ ಗುರುತು ಮಾಡಿಸಿದರು. ಸಣ್ಣ ಕ್ಯಾನುಗಳಿಗೆ ನೀರು ತುಂಬಿ ಹಿಂದೊಂದು ಮುಂದೊಂದು ಕಟ್ಟಿದೆವು. ಅಷ್ಟೊತ್ತಿಗೆ ಐದು ಗಂಟೆ. ಮುನಿರಾಜು ಅನುಮಾನದಿಂದ ಗಡಿಯಾರ ನೋಡಿದ. "ನೀರು ಒತ್ಕೊಂಡ್ ಓಗಕ್ಕೆ ಯಾವ್ ರಾಹುಕಾಲನೋ! ಓಗ್ಲಿ ಬುಡು" ಎಂದರು ಅತ್ತೆ. ನಾನು ಬುಡದಲ್ಲೇ ಕಡಿಮೆ ಗೇರಿಗೆ ಹಾಕಿ, ಎದೆಯನ್ನು ಹ್ಯಾಂಡಲ್ಲಿನ ಮೇಲೆ ತಂದು, ಹೆಬ್ಬೆರಳನ್ನು ಒಂದೇ ಸಮನೆ ಒತ್ತಿ ಹತ್ತಿದೆ. ಮೇಲೆ ನಿಂತು ತಿರುಗಿ ನೋಡಿದರೆ ಯಲಹಂಕದ ಕಡೆಯ ಕಟ್ಟಡಗಳು ಸಂಜೆಯ ಬಿಸಿಲಿನಲ್ಲಿ ಹೊಳೆಯುತ್ತಿದ್ದವು, ಕೆಳಗೆ ಮೂರು ಜನ ಕೈ ಬೀಸುತ್ತಿದ್ದರು. ಸಂತೋಷದಲ್ಲಿ ನಾನು ಒಬ್ಬನೇ ಗಟ್ಟಿಯಾಗಿ ನಕ್ಕೆ. ಆ ದಿನ ಆರು ಸಲ ಹತ್ತಿ ಇಳಿದೆ.

ಅತ್ತೆ ಮಾತು ಉಳಿಸಿಕೊಂಡರು, ಗುಡ್ಡ ಹತ್ತಲಿಲ್ಲ. ಮಂಡಿಯ ಊತ ಇಳಿಯಿತು. ಆದರೆ ಇಪ್ಪತ್ತೆರಡು ವರ್ಷ ಕಟ್ಟಿಟ್ಟ ಮಾತುಗಳ ಕಟ್ಟೆ ಒಡೆದುಹೋಯಿತು. ಈಗ ಮುದ್ದೆ ನುಂಗುವ ರೀತಿಯಿಂದ ಹಿಡಿದು ಆಫೀಸಿನಲ್ಲಿ ನನಗೆ ಪ್ರಮೋಷನ್ ಯಾಕೆ ತಡವಾಯಿತು ಎಂಬುದರವರೆಗೆ ಎಲ್ಲವನ್ನೂ ನನಗೇ ನೇರವಾಗಿ ಹೇಳುತ್ತಾರೆ. ಅಳಿಯ ಬಂದನೆಂದು ಯಾರೂ ಕುರ್ಚಿ ಎಳೆಯುವುದಿಲ್ಲ. "ಬಂದ್ರಾ? ಕ್ಯಾನು ಅಲ್ಲಿ ಅವೆ, ತುಂಬ್ಕಳಿ" ಎನ್ನುತ್ತಾರೆ.

ಮೇಲೆ ಹೋಗಲಾರದ ಅತ್ತೆಗೆ ಪ್ರತಿ ಭಾನುವಾರ ಗಿಡಗಳ ಸಮಾಚಾರ ನಾನೇ ಹೇಳಬೇಕು. ಒಬ್ಬನಿಗಿಂತ ಹೆಚ್ಚು ಜನ ಕೂರುವಂತಿಲ್ಲ, ಅವರನ್ನು ಕರೆದೊಯ್ಯುವಂತಿಲ್ಲ. ಅವರು ಒಂದೊಂದನ್ನೂ ಸಾಲುಸಾಲಾಗಿ ವಿಚಾರಿಸುತ್ತಾರೆ. ಬಂಡೆ ಪಕ್ಕದಲ್ಲಿದ್ದ ನೇರಳೆಯ ಮೇಲೆ ಅವರಿಗೆ ಎಲ್ಲಿಲ್ಲದ ಪ್ರೀತಿ, ಅದರ ಬೀಜವನ್ನು ತಾವೇ ಡಬ್ಬಿಯಲ್ಲಿ ಮೊಳೆಸಿದ್ದರು. ಏಪ್ರಿಲಿನಲ್ಲಿ ಅದು ಒಣಗಿತು. ನಾನೇ ಅದರ ಕಡ್ಡಿಯನ್ನು ಉಗುರಿನಿಂದ ಕೆರೆದು ನೋಡಿದೆ, ಹಸಿರಿರಲಿಲ್ಲ. ಕೆಳಗಿಳಿದು ಬಂದೆ. "ಬಂಡೆ ಪಕ್ಕದ್ ನೇರ್ಳೆ ಎಂಗದೆ?" ಎಂದು ಕೇಳಿದರು. "ಜೋರಾಗಿದೆ ಅತ್ತೆ" ಎಂದೆ. ಮುಂದಿನ ವಾರವೂ ಜೋರಾಗಿತ್ತು. ಅದರ ಮುಂದಿನ ವಾರ ಎರಡು ಎಲೆ ಬಿಟ್ಟಿತ್ತು. ನಾಲ್ಕನೇ ವಾರ ನಾನು ಅದನ್ನು ಮೊಣಕಾಲೆತ್ತರಕ್ಕೆ ಬೆಳೆಸಿದ್ದೆ. ಬಾಯಿ ಬಿಟ್ಟು ಹೇಳಬೇಕೆಂದು ಅಷ್ಟು ಭಯಪಟ್ಟು ಕಲಿತವನು, ಗಾಡಿಯಿಂದ ಇಳಿದ ತಕ್ಷಣ ಮತ್ತೆ ಹಳೆಯ ಅಳಿಯನಾಗಿಬಿಟ್ಟಿದ್ದೆ.

ಆ ದಿನ ಅತ್ತೆ ನನ್ನ ಮುಖವನ್ನೇ ನೋಡುತ್ತಾ ಎಲ್ಲ ಕೇಳಿಸಿಕೊಂಡರು. ಎದ್ದು ಹೋಗಿ ಬೇವಿನ ಮರದ ಹಿಂದಿನಿಂದ ಒಂದು ಡಬ್ಬಿ ತಂದರು. ಅದರಲ್ಲಿ ಇನ್ನೊಂದು ನೇರಳೆ ಸಸಿ. "ಒಣಗಿದ್ರೆ ಒಣಗ್ತು ಅನ್ನಿ ಅಳಿಯಂದ್ರೆ. ಬ್ಯಾರೆ ನೆಡಾನ" ಎಂದರು. ನಾನು ತಲೆ ತಗ್ಗಿಸಿದೆ. "ಒಣಗಿ ಒಂದು ತಿಂಗಳಾಯ್ತು ಅತ್ತೆ" ಎಂದೆ. "ಗೊತ್ತು" ಎಂದರು.

ಡಬ್ಬಿಯನ್ನು ಅವರೇ ಮುಂದಿನ ಚೌಕಟ್ಟಿನಲ್ಲಿಟ್ಟು, ಹಗ್ಗ ಸುತ್ತಿ, ಎರಡು ಸಲ ಅಲ್ಲಾಡಿಸಿ ನೋಡಿದರು. ನಾನು ಹೆಲ್ಮೆಟ್ ಹಾಕಿಕೊಂಡು ಹತ್ತಿ ಕೂತೆ. ಹೊರಡುವಾಗ ಅವರು ಕೋಲೆತ್ತಿ, "ಉಷಾರು! ಬೀಳ್ದಂಗೆ ನೋಡ್ಕಳಿ!" ಎಂದು ಕೂಗಿದರು. ನನಗೆ ಎದೆ ತುಂಬಿ ಬಂತು. "ಇಲ್ಲ ಅತ್ತೆ, ನಾನು ಗಟ್ಟಿಯಾಗಿ ಹಿಡ್ಕೊಂಡಿದ್ದೀನಿ" ಎಂದೆ.

"ನೀವಲ್ಲ, ಗಿಡ" ಎಂದರು ಅತ್ತೆ. ಅಳಿಯ ಬೀಳುತ್ತಾನೆಂಬ ಯೋಚನೆ ಅವರ ತಲೆಯಲ್ಲಿ ಇರಲೇ ಇಲ್ಲ. ಆ ಮನೆಯಲ್ಲಿ ನನಗೆ ಇಂದಿಗೂ ಅದಕ್ಕಿಂತ ದೊಡ್ಡ ಮರ್ಯಾದೆ ಸಿಕ್ಕಿಲ್ಲ.